ಪೆಟ್ಟಿಗೆಗೆ ಟಿಕೆಟ್ ಇಲ್ಲ

ಆರೂಕಾಲಿನ ಬಸ್ಸಿಗೆ ಕಲ್ಕೊಪ್ಪದ ತಿರುವಿನಲ್ಲಿ
ಸಿಸ್ಟರ್ ಸರಸಿಜ ಕೈ ಅಡ್ಡ ಹಿಡಿಯುತ್ತಾರೆ.
ಹತ್ತುವುದಿಲ್ಲ. ಪೆಟ್ಟಿಗೆ ಕೊಡುತ್ತಾರೆ, ನೀಲಿಯದು,
ಮುಚ್ಚಳಕ್ಕೆ ಸೈಕಲ್ ಟ್ಯೂಬು ಬಿಗಿದದ್ದು.
"ಎಂಜಿನ್ ಪಕ್ಕ ಇಡಬೇಡಿ ಕೆರಿಯಣ್ಣ, ಕುಲುಕಬಾರದು.
ಲ್ಯಾಬಿನವರು ಶಿವಮೊಗ್ಗ ಸ್ಟ್ಯಾಂಡಿನಲ್ಲಿ ಕಾಯ್ತಾರೆ."

ಕುಲುಕಬಾರದಂತೆ! ಈ ರಸ್ತೆಯಲ್ಲಿ
ಹೊಟ್ಟೆಯೊಳಗಿನ ಕೂಸೂ ಎರಡು ಸಲ ಮಗ್ಗುಲು ಬದಲಿಸುತ್ತದೆ.

ಎರಡು ವಾರದ ಹಿಂದೆ ಕಾನಿನಲ್ಲಿ ಮಂಗ ಸತ್ತವು.
ಮೊದಲ ಸುದ್ದಿ ಯಾವಾಗಲೂ ಅವುಗಳದ್ದೇ:
ಅರ್ಜಿಯಿಲ್ಲ, ಸಹಿಯಿಲ್ಲ,
ಕೊಂಬೆಯಿಂದ ಬಿದ್ದು ತಿಳಿಸುತ್ತವೆ.
ಆಮೇಲೆ ಉಣುಗು ದರಕಿನಿಂದ ಎದ್ದು
ಸಿಕ್ಕ ಕಾಲು ಹತ್ತುತ್ತದೆ.
ಅದಕ್ಕೆ ಪಹಣಿ ಓದಲು ಬರುವುದಿಲ್ಲ.

ರಿಪ್ಪನ್‌ಪೇಟೆ ದಾಟಿ ಒಮ್ಮೆ ಟ್ಯೂಬು ಸಡಿಲಾಯಿತು, ನೋಡಿದೆ:
ಐಸಿನ ನಡುವೆ ಆರು ಕೊಳವೆ.
ಪಟೇಲರ ಮನೆ ಸೊಸೆ ವಾರಿಜ.
ದರಕು ಗುಡಿಸುವ ಚೌಡಿ. ಅವಳ ಮಗ ಬೂದ್ಯ.
ಗರಗಸದ ಹಯಾತ್ ಸಾಬರು. ನಮ್ಮ ಡ್ರಿಲ್ ಮೇಷ್ಟ್ರು.
ಕೊನೆಯದಕ್ಕೆ ಹೆಸರಿಲ್ಲ, ಸಿಸ್ಟರ್ ಅಕ್ಷರ ಮಾತ್ರ:
'ಡಾಂಬರು ಕೆಲಸದವನು. ಕನ್ನಡ ಬರಲ್ಲ. ತಲೆನೋವು ಬಹಳ.'

ಮಾಲೀಕರು ಕೇಳಿದರು, "ಲಗೇಜು ಹರಿದೆಯೇನೋ?"
ಬಾಳೆಗೊನೆಗೆ ಹತ್ತು, ಕೋಳಿಗೆ ಐದು.
ರಕ್ತಕ್ಕೆ ನನ್ನ ಪುಸ್ತಕದಲ್ಲಿ ದರವಿಲ್ಲ ಅಂದೆ.
ಅವರೂ ಮುಂದೆ ಕೇಳಲಿಲ್ಲ. ಮೇಷ್ಟ್ರು ಅವರ ಭಾವ.

ಮೂರನೇ ದಿನ ಸಿಸ್ಟರ್ ಎಣ್ಣೆ ಸೀಸೆ ತಂದರು,
ಕೈಕಾಲಿಗೆ ಹಚ್ಚಲು, ನನಗೂ ಡ್ರೈವರಿಗೂ.
"ನಾವೇನು ಕಾಡಿಗೆ ಹೋಗ್ತೀವಾ?" ಅಂದೆ.
"ಕಾಡು ನಿಮ್ಮ ಬಸ್ಸು ಹತ್ತುತ್ತದಲ್ಲ" ಅಂದರು.

ಆರರಲ್ಲಿ ಎರಡು ಹೌದು ಎಂದು ಬಂತು.
ಡಾಂಬರಿನವನು ಹನ್ನೆರಡು ದಿನ ಸರ್ಕಾರಿ ಮಂಚದಲ್ಲಿ ಮಲಗಿ
ಈ ಬಸ್ಸಿನಲ್ಲೇ ವಾಪಸಾದ. ಹೆಸರು ಕೇಳಿದೆ. ಬಿರ್ಜು.
ಟಿಕೆಟಿನ ಹಿಂದೆ ಬರೆದು ಸಿಸ್ಟರಿಗೆ ಕೊಟ್ಟೆ.

ಬೂದ್ಯ ಇನ್ನೂ ಬಂದಿಲ್ಲ.
ಚೌಡಿ ದಿನಾ ಹೋಗುತ್ತಾಳೆ, ಗಂಜಿ ಕ್ಯಾರಿಯರು ಹಿಡಿದು,
ಆಯನೂರಿನವರೆಗೂ, ಅದರಾಚೆಗೂ ನಿಂತೇ.
ಇಪ್ಪತ್ತು ವರ್ಷದಿಂದ ಹಾಗೆ, ಸೀಟು ಖಾಲಿಯಿದ್ದರೂ.
ಕೂರು ಎಂದು ನಾನೂ ಅಂದವನಲ್ಲ.

ಇವತ್ತು ಪೆಟ್ಟಿಗೆ ಅವಳ ಕೈಗೆ ಕೊಟ್ಟೆ:
"ಕುಲುಕಬಾರದು. ಮಡಿಲಲ್ಲಿಟ್ಟುಕೋ."
ಸುತ್ತ ನೋಡಿದಳು.
ನಿಂತವರಿಗೆ ಮಡಿಲಿರುವುದಿಲ್ಲ.

ವಾರಿಜಮ್ಮ ಸೆರಗು ಎಳೆದುಕೊಂಡು
ಕಿಟಕಿಯತ್ತ ಒಂದು ಗೇಣು ಸರಿದರು.