ರಾತ್ರಿಗೆ ಕೆಂಪು ಶಾಯಿ

ನಮ್ಮಲ್ಲಿ ಹಗಲಿನದು ನೀಲಿಯಲ್ಲಿ,
ರಾತ್ರಿಯದು ಕೆಂಪಿನಲ್ಲಿ ಬರೆಯುವುದು.
ಇಪ್ಪತ್ತೊಂದು ವರ್ಷದಿಂದ ಜೇಬಿನಲ್ಲಿ ಎರಡೂ ಪೆನ್ನು;
ಕೆಂಪು ಬೇಗ ಮುಗಿಯುತ್ತದೆ.

ದಾವಣಗೆರೆಯ ಬೆಳಗಿನ ಎಂಟು ಗಂಟೆ. ಹೆಂಗಸರ ವಾರ್ಡು.
ಭಟ್ಟಿ ಕಡೆಯ ಗಾಳಿ ಕಿಟಕಿಯಿಂದ ಬಂದು
ಕಾದ ಮರಳಿನ, ಮಂಡಕ್ಕಿಯ ವಾಸನೆಯನ್ನು
ಫಿನಾಯಿಲಿನ ಮೇಲೆ ಹಾಸಿ ಹೋಗಿದೆ.
ಚಾರ್ಜು ಒಪ್ಪಿಸಿ ಕೊಟ್ರವ್ವ ಹೊರಟಾಯಿತು.

ಹದಿನಾಲ್ಕನೇ ಮಂಚ. ಹರಿಹರದ ಕಡೆಯ ಹಾಲಮ್ಮ.
ಚಾರ್ಟಿನಲ್ಲಿ ರಾತ್ರಿ ಹತ್ತರ ಇನ್ಸುಲಿನ್ನಿಗೆ
ಕೆಂಪು ಟಿಕ್ಕು, ಪಕ್ಕದಲ್ಲಿ ಚೊಕ್ಕ ಸಹಿ.
ಫ್ರಿಜ್ಜಿನಲ್ಲಿ ಅವಳ ಹೆಸರು ಅಂಟಿಸಿದ ಹೊಸ ಬಾಟಲಿ
ಮುಚ್ಚಳ ಕೂಡ ತೆಗೆಯದೆ ನಿಂತಿದೆ.
"ರಾತ್ರಿ ಸೂಜಿ ಹಾಕಿದ್ರೇನಮ್ಮಾ?"
"ಇಲ್ಲವ್ವ. ಪಾಪ, ಆ ಹುಡುಗಿಗೆ ಎಲ್ಲೈತೆ ಪುರುಸೊತ್ತು."
ಸಕ್ಕರೆ ಮುನ್ನೂರ ತೊಂಬತ್ತು.

ಸಿಟ್ಟಿಗೆ ಬರುವ ದಾರಿ ಗೊತ್ತಿದೆ:
ಮೊದಲು ದವಡೆ, ಆಮೇಲೆ ಟ್ರಾಲಿಯ ಚಕ್ರ.
ಹಳೆಯ ಬಾಕಿಗಳೆಲ್ಲ ಒಟ್ಟಿಗೆ ನೆನಪಾದವು.
ಅವಳು ತುಂಬಿಸದೆ ಬಿಟ್ಟ ಹತ್ತಿಯ ಡಬ್ಬ,
(ಗಿರಣಿಗಳಿದ್ದ ಊರಿನಲ್ಲಿ ಹತ್ತಿಗೆ ಬರ!)
ನನ್ನ ಹೆಸರು ಗೀಚಿಟ್ಟ ಕತ್ತರಿ ಕಾಣೆಯಾದದ್ದು,
ಡ್ಯೂಟಿ ಬದಲಿಸಿಕೊಂಡು ಮರಳಿಸದ ಮೂರು ಭಾನುವಾರ.
"ಮೇಟ್ರನ್ನಿಗೆ ಹೇಳಿಬಿಡಿ, ಒಂದು ಮೆಮೋ ಬೀಳಲಿ"
ಅಂದಳು ಐರಿನ್, ಟೀ ಊದುತ್ತ.
ಡಾಕ್ಟರು ರೌಂಡ್ಸಿಗೆ ಬಂದು ನನ್ನನ್ನೇ ಬೈದರು.
ಎದುರಿಗಿದ್ದವರಿಗೆ ಬೈಗುಳ,
ಅದು ವಾರ್ಡಿನ ಕಾಯಿದೆ.

ಈಗ ಹೇಳುವುದು ನನಗೆ ಇಷ್ಟವಿಲ್ಲದ ಮಾತು.
ಕೆಲಸಕ್ಕೆ ಸೇರಿದ ಎರಡನೇ ವರ್ಷ,
ಕರೆಂಟು ಹೋದ ಒಂದು ರಾತ್ರಿ, ಗಂಡಸರ ವಾರ್ಡಿನಲ್ಲಿ
ಆರನೇ ಮಂಚದ ಇಂಜೆಕ್ಷನ್ ಒಂಬತ್ತಕ್ಕೆ ಕೊಟ್ಟೆ.
ಮೈಯೆಲ್ಲ ಗಾದರಿ ಎದ್ದವು, ಉಸಿರು ಸಿಳ್ಳೆ ಹಾಕಿತು.
ಸುಶೀಲಾಬಾಯಿ ಸಿಸ್ಟರ್ ಓಡಿ ಬಂದರು, ಸೂಜಿ ಹಾಕಿದರು,
ಪುಟ ಹರಿದರು,
"ಏನೋ ಹುಳ ಮುಟ್ಟಿರಬೇಕು" ಎಂದು ಅವನ ಹೆಂಡತಿಗೆ ಹೇಳಿದರು.
ನನಗೆ: "ಬಾಯಿ ಮುಚ್ಕೊಂಡು ಮುಖ ತೊಳಕೋ."
ಬದುಕಿದ. ಮನೆಗೆ ಹೋಗುವಾಗ ನನಗೆ ಕೈಮುಗಿದು
ಒಂದು ಚೀಲ ಮಂಡಕ್ಕಿ ಕೊಟ್ಟ. ಭಟ್ಟಿ ಕೆಲಸದವನು.
ತಿನ್ನಲಿಲ್ಲ ನಾನು, ಎಸೆಯಲೂ ಇಲ್ಲ;
ಹಾಸ್ಟೆಲಿನ ಕಿಟಕಿಯಲ್ಲಿ ಅದು ಮೆತ್ತಗಾಗುತ್ತ ಕೂತಿತ್ತು.
ಸುಶೀಲಾಬಾಯಿ ನನ್ನನ್ನು ಉಳಿಸಿದರು ಅಂದುಕೊಂಡಿದ್ದೆ.
ಯಾವುದರಿಂದ ಅಂತ ಈಗಲೂ ಗೊತ್ತಾಗಿಲ್ಲ.

ಕೊಟ್ರವ್ವನಿಗೆ ಫೋನು ಮಾಡಿದೆ.
ರೈಲ್ವೆ ಗೇಟಿನಲ್ಲಿ ಸಿಕ್ಕಿಬಿದ್ದಿದ್ದಳು;
ಅವಳ ದನಿಗಿಂತ ಮೊದಲು ಗೂಡ್ಸು ಗಾಡಿ ಕೇಳಿಸಿತು.
"ವಾಪಸ್ ಬಾ" ಅಂದೆ. ಯಾಕೆಂದು ಕೇಳಲಿಲ್ಲ.

ಬಟ್ಟೆಗಳ ಕೋಣೆಯಲ್ಲಿ ಬಾಗಿಲು ಹಾಕಿ ಕೂತೆವು.
ಟಿಕ್ಕು ಮೊದಲೇ ಹಾಕಿಟ್ಟಿದ್ದಳಂತೆ, ಆಮೇಲೆ ಕೊಟ್ಟರಾಯಿತೆಂದು.
ನಲವತ್ತೆರಡು ಮಂಚ, ನೆಲದ ಮೇಲೆ ಏಳು ಜನ,
ಹತ್ತೂವರೆಗೆ ಒಂದು ಸಾವು, ಅವಳೊಬ್ಬಳೇ.
"ಅಕ್ಕಾ, ಎರಡು ತಿಂಗಳಿಂದ ಸಂಬಳಿಲ್ಲ.
ಮೆಮೋ ಬಿದ್ರೆ ಕಾಂಟ್ರ್ಯಾಕ್ಟ್ ಮುಗೀತು."
ಅಷ್ಟೂ ನಿಜ.
ಹಾಲಮ್ಮನ ಸಕ್ಕರೆಯೂ ನಿಜ.

ರಿಜಿಸ್ಟರು ಮುಂದಿಟ್ಟು ನನ್ನ ಕೆಂಪು ಪೆನ್ನು ಕೊಟ್ಟೆ.
"ಕೊಟ್ಟಿಲ್ಲ ಅಂತ ನೀನೇ ಬರಿ.
ಎಷ್ಟು ಮಂಚ, ಎಷ್ಟು ಜನ, ಕೆಳಗೆ ನಾನು ಬರೀತೀನಿ."
ಬರೆದಳು. ಅವಳ ಕೈ ನಡುಗಲಿಲ್ಲ,
ನನ್ನದು ನಡುಗಿತು.
ಆಮೇಲೆ ತಾನೇ ಹೋಗಿ ಹಾಲಮ್ಮನಿಗೂ ಹೇಳಿದಳು.
ಹಾಲಮ್ಮ "ಬಿಡವ್ವ" ಅಂದಳು. ಸೊಸೆ ಬಿಡಲಿಲ್ಲ.

ಮೆಮೋ ಬಂತು, ಇಬ್ಬರಿಗೂ.
ಹದಿನೇಳು ದಿನವಾಯಿತು, ಕೊಟ್ರವ್ವ ನನ್ನೊಡನೆ ಮಾತಾಡಿ.
ಚಾರ್ಜು ಕೊಡುವಾಗ ಗೋಡೆಗೆ ಒಪ್ಪಿಸುತ್ತಾಳೆ,
ಪ್ರತಿ ಬಾಟಲಿ ಎತ್ತಿ ತೋರಿಸಿ, ಗೋಡೆಗೇ.
ಕತ್ತರಿ ಇನ್ನೂ ಸಿಕ್ಕಿಲ್ಲ.
ಹತ್ತಿಯ ಡಬ್ಬ ಮಾತ್ರ ದಿನವೂ ತುಂಬಿರುತ್ತದೆ,
ಮುಚ್ಚಳ ಕೂರದಷ್ಟು,
ಸೇಡು ತೀರಿಸಿಕೊಂಡ ಹಾಗೆ.