ಹನ್ನೊಂದು ಸಲ ಮಾರಿದ ಕುಂಬಳ

ಜಪ್ಪುವಿನ ಶಾಲೆಯ ಜಗಲಿಯಲ್ಲಿ
ಒಂದು ಡೆಸ್ಕು, ಅದರ ಮೇಲೊಂದು ಬೂದುಗುಂಬಳ.
ಸೆವ್ರಿನ್ ಬಾಯಮ್ಮನ ಬಾವಿಕಟ್ಟೆಯ ಪಕ್ಕ
ತಾನಾಗಿ ಹುಟ್ಟಿದ ಬಳ್ಳಿ ಮಾಡಿಗೆ ಹತ್ತಿ
ಕಾಯಿ ಬಿಟ್ಟು, ಕಾಯಿ ಬಲಿತು
ಮೂರು ಹಂಚು ಒಡೆದದ್ದು.
"ಹಂಚಿನ ಲೆಕ್ಕವನ್ನೂ ಬರಕೊಳ್ಳಿ" ಎಂದಳು ನನಗೆ.

ನಾನು ಲೆಕ್ಕದವಳು.
ಮೂವತ್ತೊಂದು ವರ್ಷ ಬ್ಯಾಂಕಿನ ಗೂಡಿನಲ್ಲಿ
ಒದ್ದೆ ಸ್ಪಂಜಿಗೆ ಬೆರಳೊತ್ತಿ
ಪರರ ನೋಟು ಎಣಿಸಿದವಳು.
ಈಗ ಆಸ್ಪತ್ರೆಯ ರಾತ್ರಿ ಗಂಜಿಯ ಖಾತೆ:
ಕುಚ್ಚಲಕ್ಕಿ, ಗ್ಯಾಸು, ಟೆಂಪೋದ ಡೀಸೆಲು.
ರೋಗಿಗೆ ಊಟ ಸರಕಾರ ಕೊಡುತ್ತದೆ.
ರೋಗಿಯ ಕಾಲ ಬುಡದಲ್ಲಿ ಕೂತವರಿಗೆ
ಯಾವ ಚೀಟಿಯಲ್ಲೂ ಏನೂ ಬರೆದಿರುವುದಿಲ್ಲ.

ಏಲಂ ಕೂಗಲು ದಕ್ಕೆಯಿಂದ ಬಂದವ ಸಂಜೀವ ಮೆಂಡನ್.
ಬೆಳಗಿನ ಜಾವ ಬಂಗುಡೆ ಬುಟ್ಟಿಗೆ ಕೂಗಿ ಕೂಗಿ
ಗಂಟಲೇ ಒಂದು ಬೋಟಿನ ಎಂಜಿನು.
"ಒಂಜಿ ಸರ್ತಿ... ರಡ್ಡ್ ಸರ್ತಿ..."
ಗುಜರಿ ಅಂಗಡಿಯ ಇದಿನಬ್ಬ ಇನ್ನೂರಕ್ಕೆ ಹಿಡಿದ,
ಎರಡೂ ಕೈಯಲ್ಲಿ ಎತ್ತಿ ತೂಕ ನೋಡಿದ (ಅಭ್ಯಾಸ),
"ಪುನಃ ಮಾರಿ" ಎಂದು ಡೆಸ್ಕಿನ ಮೇಲೇ ಇಟ್ಟ.

ಮತ್ತೆ ಅದು ನಿಲ್ಲಲಿಲ್ಲ.
ಟೈಲರ್ ವಾಮನಣ್ಣ ನಾನ್ನೂರು; ತಿರುಗಿ ಡೆಸ್ಕಿಗೆ.
ಕಾಲೇಜಿನ ನಾಲ್ಕು ಹುಡುಗಿಯರು ಚಿಲ್ಲರೆ ಕೂಡಿಸಿ
ಮುನ್ನೂರ ಹದಿನೇಳು;
ಮೆಂಡನ್ ಆ ಹದಿನೇಳನ್ನು
ಹದಿನೇಳು ಸಾವಿರದ ಹಾಗೆ ಕೂಗಿದ.
ಡಾಕ್ಟರೊಬ್ಬರು ಎರಡು ಸಾವಿರ ಕೊಟ್ಟು
ಫೋಟೋಕ್ಕೆ ಕುಂಬಳವನ್ನು ಮಗುವಿನಂತೆ ಎತ್ತಿಕೊಂಡರು.
ಬೂದಿಯೆಲ್ಲ ಕೋಟಿಗೆ ಹತ್ತಿತು,
ಯಾರೂ ಹೇಳಲಿಲ್ಲ.

ಮೀನಿನ ಗುಲಾಬಿ ನಾನ್ನೂರೈವತ್ತು.
ಎಲ್ಲ ಹತ್ತರ ನೋಟು, ಬೂತಾಯಿಯ ವಾಸನೆ.
ಎಣಿಸಿದೆ: ನಲವತ್ತಾರು.
ಹೆಚ್ಚಿನ ಒಂದನ್ನು ಹಿಂದೆ ಕೊಡಹೋದರೆ
"ಇರಲಿ, ಉಪ್ಪಿಗೆ" ಎಂದಳು.

ನಾನು ಒಮ್ಮೆಯೂ ಕೂಗಲಿಲ್ಲ.
ಪೆನ್ನು ಹಿಡಿದವರಿಗೆ ಅದೊಂದು ಅನುಕೂಲ,
ಕೈ ಎತ್ತಬೇಕಾಗುವುದಿಲ್ಲ.
ಹನ್ನೊಂದು ಸಲ ಮಾರಿ
ಒಂಬತ್ತು ಸಾವಿರದ ಇನ್ನೂರ ಇಪ್ಪತ್ತೇಳು.
ಹನ್ನೆರಡನೆಯ ಸಲ ಯಾರೂ ಉಸಿರೆತ್ತದಾಗ
ಕುಂಬಳ ಟೆಂಪೋ ಹತ್ತಿತು.

ರಾತ್ರಿ ಎಂಟೂವರೆ, ಆಸ್ಪತ್ರೆಯ ಹಿಂದಿನ ಗೇಟು.
ಬಡಿಸುವ ಹುಡುಗನಿಗೆ ಮರುದಿನ ಪರೀಕ್ಷೆ,
ಸೌಟು ನನ್ನ ಕೈಗೆ ಬಂತು.
ಗಂಜಿ, ಹೆಸರುಕಾಳು ಹಾಕಿದ ಕುಂಬಳದ ಗಸಿ.
ತಟ್ಟೆ ಇಲ್ಲದವರು ಏನೇನೋ ಚಾಚುತ್ತಾರೆ:
ಸ್ನಾನದ ಮಗ್ಗು, ಫ್ಲಾಸ್ಕಿನ ಮುಚ್ಚಳ,
ಯಾವುದೋ ಮಗುವಿನ ಟಿಫಿನ್ನು, ಮೇಲೆ ಮಾಸಿದ ಮೊಲ.
"ಮುಖ ನೋಡಬೇಡಿ, ಪಾತ್ರೆ ಮಾತ್ರ ನೋಡಿ"
ಎಂದು ಹಳಬರು ಹೇಳಿಕೊಟ್ಟಿದ್ದರು.
ಹಾಗಾಗಿ ನನಗೆ ಮೊದಲು ಗೊತ್ತಾದದ್ದು
ವಾಸನೆಯಿಂದ.

"ಮೂರನೇ ವಾರ್ಡು. ಗಂಡ. ಹದಿನಾರು ದಿನ ಆಯ್ತು"
ಎಂದಳು ಗುಲಾಬಿ, ಮೀನಿನ ಕ್ರಯ ಹೇಳುವ ಹಾಗೆ.
ನನ್ನ ಕೈ ಅಲ್ಲೇ ನಿಂತಿತು.
ಅವಳೇ ತಟ್ಟೆ ಮುಂದೆ ತಂದು,
ಸಾಲಿನ ಕೊನೆಗೂ ಕೇಳುವಂತೆ:
"ಕುಂಬಳ ಎರಡು ಹೋಳು ಹೆಚ್ಚು ಹಾಕಿ ಮಾರಾಯ್ರೆ,
ಅದು ನಾನು ದುಡ್ಡು ಕೊಟ್ಟು ತೆಗೊಂಡದ್ದು!"
ಸಾಲು ನಕ್ಕಿತು.
ಒಬ್ಬ ಮುದುಕ ಮಾತ್ರ ನಗದೆ
"ಎಷ್ಟಕ್ಕೆ?" ಎಂದು ಕೇಳಿದ.

ಮನೆಗೆ ಬಂದು ಖಾತೆ ಬಿಡಿಸಿದೆ.
ಎಡಕ್ಕೆ ಜಮೆ, ಬಲಕ್ಕೆ ಖರ್ಚು.
ಎಡದಲ್ಲಿ ಅವಳಿದ್ದಾಳೆ, ಉಪ್ಪಿನ ಹತ್ತೂ ಸೇರಿ.
ಬಲದಲ್ಲಿಯೂ ಅವಳೇ,
ಹೆಸರಿಲ್ಲದೆ, ಒಂದು ಸೌಟಿನಷ್ಟು.
ನಡುವೆ ಗೆರೆ ಎಳೆಯಬೇಕು,
ಸ್ಕೇಲು ಹುಡುಕಿದೆ,
ಸಿಕ್ಕಿತು, ಆದರೂ ಎಳೆಯಲಿಲ್ಲ.

ಹನ್ನೆರಡನೆಯ ಸಲ, ಎಂದು ಬರೆದೆ,
ಬೇಯಿಸಿ ತಿಂದು ಮುಗಿದ ಕುಂಬಳಕ್ಕೆ
ಲೆಕ್ಕದವಳಿಂದ ಐನೂರು.
ಅದರ ಕೆಳಗೆ, ಮರೆಯುವ ಮೊದಲು:
ಸೆವ್ರಿನ್ ಬಾಯಮ್ಮನಿಗೆ
ಹಂಚು ಮೂರು, ಬಾಕಿ.