ಅರ್ಧ ಬೆಂದ ಇದ್ದಲು

ಟಿಕೆಟ್ಟಿಗೆ ಇನ್ನೂರೈವತ್ತು. ಮುದುಕರಿಗೆ ರಿಯಾಯಿತಿ ಇಲ್ಲ.
ನಾಲ್ಕು ಮೈಲಿ ಮುಂದಕ್ಕೆ, ಅದೇ ನಾಲ್ಕು ಮೈಲಿ ಹಿಂದಕ್ಕೆ,
ಎಲ್ಲಿಗೂ ಹೋಗದ ರೈಲು.
ಒಬ್ಬರೇನಾ ಅಜ್ಜಿ? ಕೌಂಟರಿನ ಹುಡುಗ ಕೇಳಿದ.
ಹೂಂ, ಕಿಟಕಿ ಪಕ್ಕದ್ದೇ ಕೊಡು ಅಂದೆ.

ಅರಸೀಕೆರೆಯ ಈ ಹಳಿಗೆ ನನ್ನ ಬೆರಳು ಗೊತ್ತು.
ಎಂಟು ವರ್ಷ ನನಗೆ, ಕಂಕುಳಲ್ಲಿ ತೂತು ಬಾಂಡ್ಲಿ,
ಲೋಕೋ ಶೆಡ್ಡಿನ ಹಿಂದೆ ಬೂದಿ ಗುಂಡಿ.
ಕೆದಕಿ ಕೆದಕಿ ಅರ್ಧ ಬೆಂದ ಇದ್ದಲು ಆಯಬೇಕು.
ಹಗುರ ಇದ್ದರೆ ಪೂರ್ತಿ ಸುಟ್ಟದ್ದು, ಬಿಸಾಡು.
ತೂಕ ಇದ್ದರೆ ಇನ್ನೂ ಜೀವ ಇದೆ.
ಅವ್ವ ಕಲಿಸಿದ ವಿದ್ಯೆ ಅಷ್ಟೇ.
ಬಾಂಡ್ಲಿಗೆ ನಾಲ್ಕಾಣೆ, ಹೋಟ್ಲಿನ ಒಲೆಗೆ.

ಫೈರ್‌ಮನ್ ಜಬ್ಬಾರ್ ಸಾಬರು
ವಾಚ್‌ಮನ್ ಆಚೆ ತಿರುಗಿದ್ದೇ ತಡ
ಒಂದು ಸಲಿಕೆ ಹಸಿ ಇದ್ದಲು ಕೆಳಗೆ ಜಾರಿಸುತ್ತಿದ್ದರು.
ಥತ್, ಕೈ ತಪ್ಪಿತು! ಅನ್ನುತ್ತಿದ್ದರು
ಪ್ರತಿ ಸಲವೂ, ಹಳಿಗೂ ಕೇಳುವ ಹಾಗೆ.
ಇಷ್ಟು ಕೈ ತಪ್ಪುವ ಮನುಷ್ಯನ ಕೆಲಸ
ಹೋಗಿಬಿಟ್ಟೀತೆಂದು ನಾನು ಬಹಳ ದಿನ ಹೆದರಿದ್ದೆ.

ಈಗ ಎಂಜಿನ್ನಿಗೆ ಹೊಸ ಕಪ್ಪು, ಹಿತ್ತಾಳೆಗೆ ಹುಣಸೆಹಣ್ಣಿನ ಹೊಳಪು.
ಮೈಕು ಹಿಡಿದ ಹುಡುಗಿ:
ಎಡಕ್ಕೆ ನೋಡಿ ತೆಂಗಿನ ತೋಟ,
ಬಲಕ್ಕೆ ನೋಡಿ ಮಾಲೇಕಲ್ ಬೆಟ್ಟ.
ನಾನು ಕೆಳಗೆ ನೋಡಿದೆ.
ಜಲ್ಲಿ ಚೊಕ್ಕಟ. ಒಂದು ಚೂರೂ ಬಿದ್ದಿಲ್ಲ.
ಈಗಿನವರ ಕೈ ತಪ್ಪುವುದಿಲ್ಲ.

ಸಿಳ್ಳೆ ಕೂಗಿತು. ಎಲ್ಲರ ಫೋನೂ ಮೇಲೆದ್ದವು.
ಎದುರು ಸೀಟಿನ ಪುಟ್ಟ ಹುಡುಗ ಹೊರಗೆ ಕತ್ತು ಚಾಚಿದವನು
ಅಯ್ಯಮ್ಮಾ ಎಂದು ಕಣ್ಣು ಮುಚ್ಚಿ ಕೂತುಬಿಟ್ಟ.
ತಾಯಿ ಬಾಟ್ಲಿ ನೀರು ಸುರಿದಳು.
ಮೈಕಿನ ಹುಡುಗಿ ಔಷಧಿ ಪೆಟ್ಟಿಗೆಯ ಬೀಗದ ಕೈ ಹುಡುಕಿದಳು.

ಉಜ್ಜಬೇಡ ಕಂದ, ಅಂದೆ.
ಮೇಲಿನ ರೆಪ್ಪೆ ಎತ್ತಿ, ಸೆರಗಿನ ತುದಿ ಹೊಸೆದು,
ನಾಲಿಗೆಗೆ ತಾಗಿಸಿ, ಮೆಲ್ಲಗೆ.
ಬಂತು. ರಾಗಿಕಾಳಿಗಿಂತ ಸಣ್ಣ ಕಪ್ಪು.
ನನ್ನ ಹೆಬ್ಬೆರಳು ತನಗೆ ತಾನೇ
ಅದನ್ನು ತೂಗಿ ನೋಡಿತು.

ಎಲ್ಲಿಂದ ಬಂತಜ್ಜಿ ಇದು?
ಒಂದು ಕಣ್ಣು ಕೆಂಪು, ಒಂದು ಕಣ್ಣು ಕುತೂಹಲ.

ಯಾರದೋ ಕೈ ತಪ್ಪಿತು ಮಗ, ಅಂದೆ.
ರೈಲು ಅಷ್ಟರಲ್ಲಿ ಹಿಂದಕ್ಕೆ ಹೊರಟಿತ್ತು.